ಆರೋಗ್ಯ ಮಾತೆಗೆ ಹೇಳಿಕೊಂಡ ಹರಕೆ

ಪ್ರಶ್ನೆ: ನಮ್ಮ ಊರು ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿ. ಮನೆದೇವರು ಖಾನಾಪುರದ ಮೈಲಾರ ಮಲ್ಲಣ್ಣ. 11 ವರ್ಷಗಳಿಂದ ಮಗನ ಜೊತೆ ಬೆಂಗಳೂರಿನಲ್ಲಿದ್ದೇವೆ. 2024ರ ಮಳೆಗಾಲದಲ್ಲಿ 6 ತಿಂಗಳ ಮೊಮ್ಮಗನಿಗೆ ಡೆಂಗಿ ಜ್ವರ ಬಂದು 4 ದಿನ ಐಸಿಯುನಲ್ಲಿಟ್ಟಿದ್ದರು. ಪಕ್ಕದ ಮನೆಯವರು ಮಂಗಳೂರಿನ ಕ್ಯಾಥೊಲಿಕ್ ಜನ. ಆ ಅಮ್ಮ ಹೇಳಿದರೆಂದು ನಾನು ಶಿವಾಜಿನಗರದ ಆರೋಗ್ಯ ಮಾತೆಗೆ, "ಮಗು ಉಳಿದರೆ ಮುಂದಿನ ವರ್ಷದ ಹಬ್ಬಕ್ಕೆ ಸೀರೆಯನ್ನೂ ಮಗುವಿನ ಎತ್ತರದ ಮೇಣದಬತ್ತಿಯನ್ನೂ ಕೊಡುತ್ತೇನೆ" ಎಂದು ಹರಕೆ ಹೊತ್ತೆ. ಮಗು ಉಳಿಯಿತು. ಆದರೆ ಕಳೆದ ವರ್ಷ ಹಬ್ಬದ ದಿನವೇ ಪಕ್ಷಮಾಸ ಶುರುವಾಯಿತು, ಹಿಂದಿನ ರಾತ್ರಿ ಗ್ರಹಣ ಬೇರೆ. ಊರಲ್ಲಿರುವ ಭಾವನವರು ಹೋಗಬೇಡಿ ಎಂದರು, ಹೋಗಲಿಲ್ಲ. ಈಗ ಮಗುವಿಗೆ ಮತ್ತೆ ಮತ್ತೆ ಜ್ವರ ಬರುತ್ತಿದೆ. ಮಾತೆಗೆ ಸಿಟ್ಟು ಬಂದಿರಬಹುದೆ? ಪರಧರ್ಮದ ಹರಕೆ ಹೊತ್ತಿದ್ದೇ ದೋಷ, ಪ್ರಾಯಶ್ಚಿತ್ತ ಹೋಮ ಮಾಡಿಸದೆ ಜವಳ ತೆಗೆಸಬಾರದು ಎಂದು ಭಾವನವರು ಹಟ ಹಿಡಿದಿದ್ದಾರೆ. ಐಸಿಯುನಲ್ಲಿದ್ದಾಗ ಒಂದು ರಾತ್ರಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ಮಗುವಿನ ತಲೆಯ ಹತ್ತಿರ ನಿಂತಿದ್ದನ್ನು ಸೊಸೆ ಕಂಡಳಂತೆ. ಪಕ್ಕದ ಮನೆಯವರು ಅದು ಮಾತೆಯ ದರ್ಶನ ಎನ್ನುತ್ತಾರೆ, ಭಾವನವರು ಗಾಳಿ ಎನ್ನುತ್ತಾರೆ. ಮನಸ್ಸಿಗೆ ನೆಮ್ಮದಿಯಿಲ್ಲ. ದಾರಿ ತೋರಿಸಬೇಕು.
— ಹೆಸರು ಬೇಡವೆಂದ ಓದುಗರು, ಬೆಂಗಳೂರು

ಉತ್ತರ: ತಾಯಿ, ಮೊದಲು ಮಗುವಿನ ಮಾತು. ಮತ್ತೆ ಮತ್ತೆ ಜ್ವರ ಬರುತ್ತಿದ್ದರೆ ನನ್ನ ಉತ್ತರಕ್ಕೆ ಕಾಯಬೇಡಿ. ಇದನ್ನು ಓದುವ ಹೊತ್ತಿಗೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಆಗಿರಬೇಕು. ನೀವು ಕಳಿಸಿದ ಜಾತಕವನ್ನು ನೋಡಿದ್ದೇನೆ. ಬಾಲಾರಿಷ್ಟದ ಲಕ್ಷಣ ಅದರಲ್ಲಿಲ್ಲ. ಇನ್ನೊಂದು ಮತದ ದೇವಾಲಯದ ಹರಕೆ ತಪ್ಪಿದ್ದರಿಂದ ಜ್ವರ ಬಂತು ಎಂದು ತೋರಿಸುವ ಭಾವವಾಗಲಿ ಗ್ರಹವಾಗಲಿ ಯಾರ ಜಾತಕದಲ್ಲೂ ಇರುವುದಿಲ್ಲ. ಹಾಗೆ ಹೇಳುವ ಜ್ಯೋತಿಷಿಯ ಮುಂದೆ ಪರ್ಸು ಬಿಚ್ಚಬೇಡಿ.

ಇನ್ನು ಹರಕೆ. ಇದರಲ್ಲಿ ಎರಡು ಪ್ರಶ್ನೆಗಳು ಸಿಕ್ಕುಹಾಕಿಕೊಂಡಿವೆ. ಹೊತ್ತದ್ದು ಸರಿಯೆ ಎಂಬುದು ಒಂದು, ಹೊತ್ತಮೇಲೆ ತೀರಿಸಬೇಕೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸುಲಭ. ಹರಕೆ ಎಂದರೆ ಸಾಲ. ಯಾರ ಹತ್ತಿರ ಕೈಚಾಚಿ ಕೇಳಿದಿರೋ ಅವರಿಗೇ ಕೊಡಬೇಕು. ಪಕ್ಕದ ಅಂಗಡಿಯಲ್ಲಿ ಉದ್ರಿ ತಂದು ಎದುರಿನ ಅಂಗಡಿಯಲ್ಲಿ ತೀರಿಸಿದರೆ ಲೆಕ್ಕ ಚುಕ್ತಾ ಆಗುತ್ತದೆಯೆ? ಅದೇ ಸೀರೆಯನ್ನು ಹುಲಿಗೆಮ್ಮನಿಗೋ ತುಳಜಾಭವಾನಿಗೋ ಉಡಿಸಿ ಕೈತೊಳೆದುಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟಾರು. ಅದು ಸರಿಯಲ್ಲ. ಶಿವಾಜಿನಗರಕ್ಕೇ ಹೋಗಬೇಕು.

ಸಂಕಲ್ಪದ ಶಬ್ದವನ್ನೂ ಗಮನಿಸಬೇಕು. ಪಾಠಶಾಲೆಯಲ್ಲಿ ನಮ್ಮ ಗುರುಗಳು ಸಂಕಲ್ಪ ಹೇಳಿಸುವಾಗ ಒಂದು ವಿಭಕ್ತಿ ತಪ್ಪಿದರೂ ನಿಲ್ಲಿಸಿ ಮೊದಲಿನಿಂದ ಹೇಳಿಸುತ್ತಿದ್ದರು. ನೀವು "ಹಬ್ಬಕ್ಕೆ" ಎಂದಿರಿ, "ಸೆಪ್ಟೆಂಬರ್ 8ಕ್ಕೆ" ಎನ್ನಲಿಲ್ಲ. ಅವರ ಹಬ್ಬ ಒಂದು ದಿನದ್ದಲ್ಲ. ಆಗಸ್ಟ್ 29ರಂದು ಧ್ವಜ ಏರುತ್ತದೆ, ಅಲ್ಲಿಂದ 9 ದಿನ ನವೇನ ಎಂಬ ಪ್ರಾರ್ಥನೆ, 8ನೇ ತಾರೀಖು ಮುಖ್ಯ ಹಬ್ಬ, ಸಂಜೆ ರಥದ ಮೆರವಣಿಗೆ. ನಮ್ಮ ಜಾತ್ರೆಯಲ್ಲಿ ಧ್ವಜಾರೋಹಣದಿಂದ ಅವಭೃಥದವರೆಗೆ ಎಲ್ಲವೂ ಜಾತ್ರೆಯೇ ಅಲ್ಲವೆ, ಹಾಗೆ. 8ರಂದು ಶಿವಾಜಿನಗರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚಿಕ್ಕ ಮಗುವನ್ನು ಆ ನೂಕುನುಗ್ಗಲಿಗೆ ಒಯ್ಯುವ ಬದಲು ನವೇನದ ನಡುವೆ ಒಂದು ಬೆಳಿಗ್ಗೆ ಹೋಗಿ. ಸೀರೆ, ಮೇಣದಬತ್ತಿ ಎಲ್ಲಿ ಕೊಡಬೇಕೆಂದು ಅಲ್ಲಿನ ಕಚೇರಿಯಲ್ಲಿ ಕೇಳಿದರೆ ಹೇಳುತ್ತಾರೆ. ಒಂದು ವರ್ಷ ತಡವಾಯಿತು ನಿಜ. ತಡವಾದ ಸಾಲ ತೀರಿಸಬಾರದ ಸಾಲವಾಗುವುದಿಲ್ಲ.

ಪತ್ರದ ಕೊನೆಗೆ ಒಂದು ಸಣ್ಣ ಸಂಶಯ ಕೇಳಿದ್ದಿರಿ, ಮೇಲೆ ಅಚ್ಚಾಗಿಲ್ಲ: ಮಗುವಿನ ಎತ್ತರ ಎಂದರೆ ಆಗಿನದೋ ಈಗಿನದೋ? ಆಗ 2 ಅಡಿ ಚಿಲ್ಲರೆ ಇದ್ದಿರಬಹುದು, ಈಗ 3 ಅಡಿಯ ಹತ್ತಿರ ಬಂದಿದ್ದಾನೆ. ಈಗಿನ ಎತ್ತರದ್ದೇ ಕೊಡಿ. ಬಡ್ಡಿ ಎಂದುಕೊಳ್ಳಿ. ಅವನು ಬೆಳೆಯಲಿ ಎಂದೇ ತಾನೆ ಕೇಳಿದ್ದು?

ಕಳೆದ ವರ್ಷದ್ದನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ, ಮರುದಿನ ಭಾದ್ರಪದ ಬಹುಳ ಪಾಡ್ಯ, ಪಕ್ಷದ ಮೊದಲ ದಿನ. ಭಾವನವರು ಪಂಚಾಂಗ ಸರಿಯಾಗಿಯೇ ನೋಡಿದ್ದಾರೆ. ಪಕ್ಷಮಾಸದಲ್ಲಿ ಮದುವೆ, ಗೃಹಪ್ರವೇಶ, ಜವಳದಂಥ ಶುಭಕಾರ್ಯ ಮಾಡುವುದಿಲ್ಲ. ಆದರೆ ಹರಕೆ ತೀರಿಸುವುದು ಹೊಸ ಶುಭಾರಂಭವಲ್ಲ, ಋಣವಿಮೋಚನೆ. ಋಣ ತೀರಿಸುವ ಕಾಲವೆಂದೇ ಹೆಸರಾದ ಹದಿನೈದು ದಿನಗಳಲ್ಲಿ ಋಣ ತೀರಿಸಬಾರದೆಂದರೆ ಹೇಗೆ! ಗ್ರಹಣ ಮೋಕ್ಷವಾಗಿ ಸ್ನಾನವಾದ ಮೇಲೆ ಅದರ ಅಡ್ಡಿಯೂ ಇರಲಿಲ್ಲ. ಇರಲಿ, ಆದದ್ದಾಯಿತು. ಈ ಪರಾಭವ ಸಂವತ್ಸರದಲ್ಲಿ ಅವರ 8ನೇ ತಾರೀಖು ನಮ್ಮ ಶ್ರಾವಣ ಬಹುಳದಲ್ಲಿ, ಮಂಗಳವಾರ ಬರುತ್ತದೆ. ಪಕ್ಷ ಇನ್ನೂ ದೂರ.

ಇನ್ನು ಹೊತ್ತದ್ದು ಸರಿಯೆ ಎಂಬ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ನೀವು ಯಾರಿಗೆ ಕೈಮುಗಿದಿರಿ ಎಂದು ಮೊದಲು ತಿಳಿಯಬೇಕು. ನಮ್ಮಲ್ಲಿ ಅನೇಕರು ತಿಳಿಯದೆಯೇ ಕೈಮುಗಿಯುತ್ತಾರೆ, ಭಾವನವರಂಥವರು ತಿಳಿಯದೆಯೇ ಬೇಡವೆನ್ನುತ್ತಾರೆ. ನಾನೂ ಹುಮನಾಬಾದ್ ಕಡೆಯವನೇ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲಿ ಕಾಣುವ ಚರ್ಚುಗಳಲ್ಲಿ ಹೆಚ್ಚಿನವು ಮೆಥೊಡಿಸ್ಟರವು. ಅಲ್ಲಿ ಮೂರ್ತಿಯಿಲ್ಲ, ಮೇರಿಗೆ ಹರಕೆಯಿಲ್ಲ, ಸೀರೆ ಉಡಿಸುವುದಂತೂ ಇಲ್ಲವೇ ಇಲ್ಲ. ಕ್ಯಾಥೊಲಿಕರು ಬೇರೆ. ಅವರ ಕಲಬುರಗಿ ಧರ್ಮಪ್ರಾಂತ್ಯ ರಚನೆಯಾದದ್ದೇ 2005ರಲ್ಲಿ. ಬೀದರ್ ಜಿಲ್ಲೆ ಅದರೊಳಗೆ ಬರುತ್ತದೆ. ಭಾವನವರು ಊರಿನಲ್ಲಿ ಕಂಡ ಕ್ರೈಸ್ತರ ಪದ್ಧತಿಯೇ ಬೇರೆಯಾದ್ದರಿಂದ ನೀವು ಹೇಳಿದ ಸೀರೆ, ರಥ, ಹರಕೆ ಎಲ್ಲವೂ ಅವರಿಗೆ ವಿಚಿತ್ರವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಆರೋಗ್ಯ ಮಾತೆ, ಲೂರ್ದು ಮಾತೆ, ಫಾತಿಮಾ ಮಾತೆ ಎಂದು ಹಲವು ದೇವಿಯರಿದ್ದಾರೆಂದು ನಮ್ಮವರು ತಿಳಿಯುತ್ತಾರೆ. ಹಾಗಲ್ಲ. ಎಲ್ಲ ಹೆಸರುಗಳೂ ಏಸುವಿನ ತಾಯಿ ಮರಿಯಳದೇ. ಒಬ್ಬ ದತ್ತಾತ್ರೇಯನನ್ನು ನಾವು ಗಾಣಗಾಪುರದವನೆಂದೂ ಮಾಣಿಕನಗರದವನೆಂದೂ ಕರೆಯುವಂತೆ, ಆಕೆ ಎಲ್ಲಿ ಕಾಣಿಸಿಕೊಂಡಳೆಂದು ನಂಬುತ್ತಾರೋ ಆ ಊರಿನ ಹೆಸರು, ಮಾಡಿದ ಉಪಕಾರದ ಹೆಸರು ಸೇರಿಕೊಳ್ಳುತ್ತದೆ. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಅವರ ಮತದಲ್ಲಿ ಮರಿಯಳು ದೇವರಲ್ಲ, ಅವತಾರವೂ ಅಲ್ಲ. ಆರಾಧನೆ ದೇವರೊಬ್ಬನಿಗೇ, ಆಕೆಗೆ ಸಲ್ಲುವುದು ಗೌರವ. "ನಮಗಾಗಿ ಮಗನಲ್ಲಿ ಬೇಡಿಕೋ ತಾಯಿ" ಎನ್ನುವುದೇ ಅವರ ಪ್ರಾರ್ಥನೆಯ ತಿರುಳು. ಅರ್ಜಿ ಮಗನಿಗೆ, ಶಿಫಾರಸು ತಾಯಿಯದು. ಅವರು ಹಿಡಿಯುವ ಜಪಸರದಲ್ಲಿ 59 ಮಣಿಗಳಿವೆ. ಅದರಲ್ಲಿ 53 ಮಣಿಗಳಲ್ಲಿ ಹೇಳುವುದು ಇದೇ ಬೇಡಿಕೆಯಿರುವ ಪ್ರಾರ್ಥನೆಯನ್ನು. ಆದ್ದರಿಂದ ಪಕ್ಕದ ಮನೆಯವರ ಮುಂದೆ "ನಿಮ್ಮ ಮಾರಮ್ಮ", "ನಿಮ್ಮ ದೇವಿ" ಎಂದು ಪ್ರೀತಿಯಿಂದ ಹೇಳಿದರೂ ಅವರ ಮನಸ್ಸಿಗೆ ಇರಿಸುಮುರಿಸಾಗುತ್ತದೆ. ಮಾತೆ ಎಂದರೆ ಸಾಕು.

ಆರೋಗ್ಯ ಮಾತೆಯ ಮೂಲಸ್ಥಾನ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯ ಸಮುದ್ರದಂಡೆಯ ವೇಲಾಂಕಣಿ. ಅಲ್ಲಿ 3 ಐತಿಹ್ಯಗಳಿವೆ. ಯಜಮಾನನ ಮನೆಗೆ ಹಾಲು ಒಯ್ಯುತ್ತಿದ್ದ ಹುಡುಗ ಕೆರೆದಂಡೆಯಲ್ಲಿ ಮಲಗಿದ್ದಾಗ ಒಬ್ಬ ತಾಯಿ ತನ್ನ ಮಗುವಿಗೆ ಹಾಲು ಕೇಳಿದಳು, ಕೊಟ್ಟ. ಪಾತ್ರೆ ಖಾಲಿಯಾಗಿದೆ ಎಂದು ಹೆದರುತ್ತ ಹೋದರೆ ತುಂಬಿ ತುಳುಕುತ್ತಿತ್ತು. ಎರಡನೆಯದರಲ್ಲಿ ಮಜ್ಜಿಗೆ ಮಾರುವ ಕುಂಟ ಹುಡುಗ. ಅವನಲ್ಲೂ ಆಕೆ ಮಗುವಿಗೆಂದು ಮಜ್ಜಿಗೆ ಕೇಳಿದಳು, ಕುಡಿಸಿ, "ಎದ್ದು ಹೋಗಿ ಊರಿನ ದೊಡ್ಡವರಿಗೆ ಹೇಳು" ಎಂದಳು. ಹುಡುಗ ಎದ್ದು ಓಡಿದ. ಮೂರನೆಯದು ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರದು. ಬದುಕಿ ದಡ ಸೇರಿದ ದಿನ ಸೆಪ್ಟೆಂಬರ್ 8, ಮರಿಯಳ ಹುಟ್ಟುಹಬ್ಬ. ಅವರು ಗುಡಿಸಲಿನಂತಿದ್ದ ಗುಡಿಯ ಜಾಗದಲ್ಲಿ ಗಟ್ಟಿ ಕಟ್ಟಡ ಕಟ್ಟಿದರು. 1962ರಲ್ಲಿ ಪೋಪರು ಅದಕ್ಕೆ ಬಸಿಲಿಕಾ ಪದವಿ ಕೊಟ್ಟರು. ಈ ಕಥೆಗಳಲ್ಲಿ ನನಗೆ ಹಿಡಿಸುವುದು ಒಂದು ಸಂಗತಿ: ಹುಡುಗರಿಬ್ಬರೂ ಕೇಳಿದ್ದನ್ನು ಕೊಟ್ಟರು ಅಷ್ಟೆ, ಬೇಡಿಕೊಂಡವಳು ತಾಯಿ. ಕೊಡದಿದ್ದರೆ ಕುಂಟನಾಗೇ ಇರು ಎಂದು ಆಕೆ ಹೆದರಿಸಿದ ಮಾತು ಯಾವ ಕಥೆಯಲ್ಲೂ ಇಲ್ಲ. ನಿಮ್ಮ "ಮಾತೆಗೆ ಸಿಟ್ಟು ಬಂದಿರಬಹುದೆ" ಎಂಬ ಭಯಕ್ಕೆ ಆಕೆಯ ಕಥೆಯಲ್ಲೇ ಉತ್ತರವಿದೆ. ತಡವಾಯಿತೆಂದು ಹಸುಗೂಸಿಗೆ ಜ್ವರ ಬರಿಸುವ ತಾಯಿಯನ್ನು ಅವರೂ ಪೂಜ್ಯಳೆನ್ನುವುದಿಲ್ಲ, ನಾವೂ ಎನ್ನಬೇಕಿಲ್ಲ.

ಶಿವಾಜಿನಗರದ ದೇವಾಲಯ ಬೆಂಗಳೂರಿನ ಹಳೆಯ ಚರ್ಚುಗಳಲ್ಲೊಂದು. 19ನೇ ಶತಮಾನದ ಆರಂಭದಲ್ಲಿ ಅಲ್ಲಿ ಚಿಕ್ಕ ಪ್ರಾರ್ಥನಾಮಂದಿರ ಕಟ್ಟಿಸಿದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಈಗಿನ ಎತ್ತರದ ಗೋಪುರದ ಕಟ್ಟಡ 1882ರ ಸೆಪ್ಟೆಂಬರ್ 8ರಂದು ಪ್ರತಿಷ್ಠೆಯಾಯಿತು, 1970ರ ದಶಕದಲ್ಲಿ ಬಸಿಲಿಕಾ ಆಯಿತು. ಈ ದುಬಾಯ್ ಅವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅವರು ಸುಮಾರು 30 ವರ್ಷ ನಮ್ಮ ನಾಡಿನ ಉಡುಪು ಉಟ್ಟು, ನಮ್ಮ ಆಹಾರ ಉಂಡು, ಮೈಸೂರು ಸೀಮೆಯಲ್ಲಿ ಓಡಾಡಿದವರು. ಸಿಡುಬಿಗೆ ಲಸಿಕೆ ಹಾಕಿಸುವ ಕೆಲಸದಲ್ಲಿ ಮುಂದಾಗಿದ್ದವರು. ನಮ್ಮ ಆಚಾರ ವಿಚಾರಗಳ ಬಗ್ಗೆ ದಪ್ಪ ಪುಸ್ತಕ ಬರೆದರು. ಅದರಲ್ಲಿ ಎಷ್ಟೋ ಮಾತುಗಳಿಗೆ ನನ್ನ ಒಪ್ಪಿಗೆಯಿಲ್ಲ, ಆದರೆ ನಮ್ಮ ಸಂಧ್ಯಾವಂದನೆಯನ್ನು ಅಷ್ಟು ಕೂತು ನೋಡಿದ ಹೊರಗಿನವರು ಕಡಿಮೆ. ಕೊನೆಗೆ 1823ರಲ್ಲಿ ತಮ್ಮ ದೇಶಕ್ಕೆ ಮರಳುವ ಹೊತ್ತಿಗೆ, ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು ಬರೆದೇ ಹೋದರು. ಒಂದು ಮೇಣದಬತ್ತಿ ಹಚ್ಚಿದರೆ ಕ್ರೈಸ್ತರಾಗಿಬಿಡುತ್ತೇವೆಂದು ಹೆದರುವ ಭಾವನವರಿಗೆ ಇದನ್ನು ಓದಿ ಹೇಳಿ. ಅವರ ಮತಕ್ಕೆ ದೊಡ್ಡವರೊಬ್ಬರು ಸೇರಬೇಕಾದರೆ ತಿಂಗಳುಗಟ್ಟಲೆ ಬೋಧನೆ, ಸ್ವಂತ ಒಪ್ಪಿಗೆ, ದೀಕ್ಷಾಸ್ನಾನ, ಆಮೇಲೆ ಧರ್ಮಕೇಂದ್ರದ ದಫ್ತರದಲ್ಲಿ ಹೆಸರು ಬರೆಯುವುದು, ಇಷ್ಟೂ ಆಗಬೇಕು. ಬತ್ತಿಗೂ ಅದಕ್ಕೂ ಸಂಬಂಧವಿಲ್ಲ.

ಸೊಸೆ ಕಂಡದ್ದೇನು? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ಈ ವಿಷಯದಲ್ಲಿ ಪಕ್ಕದ ಮನೆಯವರಿಗಿಂತ, ಭಾವನವರಿಗಿಂತ, ಅವರ ಚರ್ಚೇ ಹೆಚ್ಚು ಎಚ್ಚರದಿಂದ ಮಾತಾಡುತ್ತದೆ.

ಚರ್ಚಿನ ಕಾಂಪೌಂಡುಗಳಲ್ಲಿ ಕಲ್ಲಿನ ಗವಿ ಕಟ್ಟಿ, ಒಳಗೆ ಬಿಳಿ ಬಟ್ಟೆ, ನೀಲಿ ನಡುಪಟ್ಟಿಯ ಮೂರ್ತಿ ನಿಲ್ಲಿಸಿರುವುದನ್ನು ನೀವು ನೋಡಿರಬಹುದು. ಅದು ಫ್ರಾನ್ಸಿನ ಲೂರ್ದು ಎಂಬ ಊರಿನ ಗವಿಯ ಪ್ರತಿರೂಪ. ಅಲ್ಲಿ 1858ರ ಫೆಬ್ರವರಿ 11ರಂದು ಬರ್ನಾಡೆಟ್ ಎಂಬ 14 ವರ್ಷದ ಬಡ ಹುಡುಗಿ ಸೌದೆ ಆರಿಸಲು ಹೋದಾಗ ಗವಿಯಲ್ಲಿ ಒಬ್ಬ ಸ್ತ್ರೀಯನ್ನು ಕಂಡಳು. ಜುಲೈ 16ರವರೆಗೆ ಒಟ್ಟು 18 ಸಲ. ಊರೆಲ್ಲ ಗವಿಗೆ ನುಗ್ಗಿತು. ಆದರೆ ಅಲ್ಲಿನ ಪಾದ್ರಿ ಒಪ್ಪಲಿಲ್ಲ, "ಆಕೆಯ ಹೆಸರು ಕೇಳಿಕೊಂಡು ಬಾ" ಎಂದು ಕಳಿಸಿದರು. ಪೊಲೀಸರು ವಿಚಾರಿಸಿದರು, ವೈದ್ಯರು ಹುಡುಗಿಯ ಬುದ್ಧಿ ಸ್ವಸ್ಥವೇ ಎಂದು ಪರೀಕ್ಷಿಸಿದರು, ಧರ್ಮಾಧ್ಯಕ್ಷರು ಸಮಿತಿ ನೇಮಿಸಿದರು. ದರ್ಶನ ನಂಬತಕ್ಕದ್ದು ಎಂಬ ತೀರ್ಪು ಬಂದದ್ದು 1862ರಲ್ಲಿ, 4 ವರ್ಷ ಬಿಟ್ಟು. ಗವಿಯಲ್ಲಿ ಹುಟ್ಟಿದ ಬುಗ್ಗೆಯ ನೀರಿನಿಂದ ಗುಣವಾಯಿತೆಂದು ಹೇಳಿಕೊಂಡವರನ್ನು ಪರೀಕ್ಷಿಸಲು 1883ರಿಂದ ಅಲ್ಲಿ ವೈದ್ಯರದೇ ಒಂದು ಕಚೇರಿಯಿದೆ. 7,000ಕ್ಕೂ ಹೆಚ್ಚು ಪ್ರಕರಣಗಳು ಬಂದಿವೆ. ಚರ್ಚು ಪವಾಡವೆಂದು ಒಪ್ಪಿದ್ದು 70ರ ಸುಮಾರು, ಅಷ್ಟೆ. ನಮ್ಮ ಟಿವಿ ಜ್ಯೋತಿಷಿಗಳು ಒಂದು ವಾರದಲ್ಲಿ ಅದಕ್ಕಿಂತ ಹೆಚ್ಚು ಪವಾಡ ಮಾಡಿಬಿಡುತ್ತಾರೆ!

ಬರ್ನಾಡೆಟ್ ಆಮೇಲೆ ಸನ್ಯಾಸಿನಿಯಾಗಿ ದೂರದ ಮಠ ಸೇರಿ ರೋಗಿಗಳ ಸೇವೆ ಮಾಡಿಕೊಂಡು 1879ರಲ್ಲಿ ತೀರಿಕೊಂಡಳು. ಗವಿಯ ಮುಂದೆ ಅಂಗಡಿ ಹಾಕಲಿಲ್ಲ. 1933ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದ್ದೂ ದರ್ಶನ ಕಂಡಳೆಂದಲ್ಲ, ಹಾಗೆ ಬದುಕಿದಳೆಂದು. ಪೋರ್ಚುಗಲ್ಲಿನ ಫಾತಿಮಾದಲ್ಲಿ 1917ರಲ್ಲಿ 3 ಮಕ್ಕಳು ಕಂಡದ್ದಕ್ಕೆ 1930ರವರೆಗೆ ಒಪ್ಪಿಗೆ ಬರಲಿಲ್ಲ. ಬೋಸ್ನಿಯಾದ ಮೆಜುಗೋರಿಯೆ ಎಂಬಲ್ಲಿ 1981ರಿಂದ ದರ್ಶನದ ಮಾತಿದೆ. 2024ರಲ್ಲಿ ರೋಮಿನವರು ಭಕ್ತರು ಹೋಗಿ ಪ್ರಾರ್ಥಿಸಲು ಅಡ್ಡಿಯಿಲ್ಲ ಎಂದರೇ ಹೊರತು ದರ್ಶನ ನಿಜವೆಂದು ಹೇಳಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಬಂದ ಹೊಸ ನಿಯಮದ ಪ್ರಕಾರ ಇನ್ನು ಮುಂದೆ ಸಾಮಾನ್ಯವಾಗಿ ಅಷ್ಟೇ ಹೇಳುತ್ತಾರೆ, ಅಡ್ಡಿಯಿಲ್ಲ ಎಂದು. ಒಪ್ಪಿದ ದರ್ಶನಗಳನ್ನು ಕೂಡ ನಂಬಲೇಬೇಕೆಂದು ಕ್ಯಾಥೊಲಿಕರಿಗೆ ಕಡ್ಡಾಯವಿಲ್ಲ ಎಂಬುದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಇಷ್ಟು ಉದ್ದ ಹೇಳಿದ್ದು ಏಕೆಂದರೆ, ಲಕ್ಷಾಂತರ ಜನ ಕೈಮುಗಿಯುವ ಜಾಗದಲ್ಲೇ ಇಷ್ಟು ತಾಳ್ಮೆ ಇರುವಾಗ, ಐಸಿಯುನ ಒಂದು ರಾತ್ರಿಗೆ ನಾವು ಇಂದೇ ಹೆಸರಿಡಬೇಕಿಲ್ಲ. ಬೆಂಗಳೂರಿನ ಐಸಿಯುಗಳಲ್ಲಿ ರಾತ್ರಿ ಪಾಳಿಯ ನರ್ಸುಗಳು ಕಾಲ್ಸಪ್ಪಳವಿಲ್ಲದೆ ಓಡಾಡುತ್ತಾರೆ. 3 ರಾತ್ರಿ ಕಣ್ಣು ಮುಚ್ಚದ ತಾಯಿ ಅವರಲ್ಲೊಬ್ಬಳನ್ನು ಅರೆನಿದ್ದೆಯಲ್ಲಿ ಕಂಡಿದ್ದರೂ ಕಂಡಿರಬಹುದು. ಅದಲ್ಲದೆ ಬೇರೆಯೇ ಇರಬಹುದು. ನಿರ್ಣಯ ಹೇಳಲು ನನಗೆ ಅಧಿಕಾರವಿಲ್ಲ, ಭಾವನವರಿಗೂ ಇಲ್ಲ. ಆದರೆ ಗಾಳಿ ಎಂಬ ಮಾತನ್ನು ಮಾತ್ರ ಆ ಹುಡುಗಿಯ ಎದುರು ಇನ್ನೊಮ್ಮೆ ಆಡಬೇಡಿ ಎಂದು ಅವರಿಗೆ ನನ್ನ ಹೆಸರಿನಲ್ಲಿ ಹೇಳಿ. ಕಂಡದ್ದರಿಂದ ಅವಳಿಗೆ ಭಯ ಹುಟ್ಟಿತೋ ಧೈರ್ಯ ಬಂತೋ? ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ, ಆ ರಾತ್ರಿಯ ಮೇಲೆ ಅವಳು ಅಳುವುದನ್ನು ನಿಲ್ಲಿಸಿದಳೆಂದು. ಗಾಳಿ ಸೋಕಿದವರು ಹಾಗಿರುವುದಿಲ್ಲ. ಅವಳ ಅನುಭವವನ್ನು ಅವಳ ಬಳಿಯೇ ಬಿಡಿ. ವಾಟ್ಸಾಪಿನಲ್ಲಿ ಹಂಚಬೇಡಿ, ಪಕ್ಕದ ಮನೆಯವರಿಗೂ ಅದನ್ನು ಚರ್ಚಿನಲ್ಲಿ ಸಾಕ್ಷಿಯೆಂದು ಹೇಳಿಸಬೇಡಿರೆಂದು ಮೆಲ್ಲಗೆ ಕೇಳಿಕೊಳ್ಳಿ.

ಈಗ ಭಾವನವರ ಮುಖ್ಯ ಆಕ್ಷೇಪ, ಪರಧರ್ಮ. ಅವರು ಮನ್ನಾಏಖೇಳ್ಳಿಯಲ್ಲಿ ಕೂತು ಈ ಮಾತು ಹೇಳುತ್ತಿದ್ದಾರಲ್ಲ, ಅದೇ ನನಗೆ ಸೋಜಿಗ. ಹೆದ್ದಾರಿ ಹಿಡಿದು ಹುಮನಾಬಾದಿಗೆ ಹೋದರೆ ಮಾಣಿಕನಗರ. ಬಸವಕಲ್ಯಾಣದ ಹತ್ತಿರ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯ ಹುಟ್ಟುಹಾಕಿ 1865ರಲ್ಲಿ ಸಮಾಧಿಸ್ಥರಾದ ಜಾಗ. ಎಲ್ಲ ಮತಗಳನ್ನೂ ಮನ್ನಿಸಬೇಕೆಂದು ಅವರು ನಿಜಾಮರ ಕಾಲದಲ್ಲೇ ಹೇಳಿದ್ದನ್ನು ನಾವು ಇಂದೂ ಹಾಡುತ್ತೇವೆ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಉರುಸಿಗೆ ಕಲಬುರಗಿ ಕಡೆಯ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ. ಅವರು ಬಾರದೆ ಉರುಸಿಲ್ಲ. ಮೊಹರಂನಲ್ಲಿ ನಮ್ಮ ಹಳ್ಳಿಗಳಲ್ಲಿ ಪೀರ್ ಹಿಡಿಯುವವರು, ಅಲಾಯಿ ಕುಣಿಯುವವರು ಯಾರು? ಭಾವನವರು ಹುಡುಗರಿದ್ದಾಗ ಒಮ್ಮೆಯೂ ಕುಣಿದಿಲ್ಲವೆ? ಸುಮ್ಮನೆ ಕೇಳಿ ನೋಡಿ, ನಗುತ್ತಾರೆ. ಗೀತೆಯ 7ನೇ ಅಧ್ಯಾಯದಲ್ಲಿ ಭಗವಂತ, ಯಾರು ಯಾವ ರೂಪವನ್ನು ಶ್ರದ್ಧೆಯಿಂದ ಅರ್ಚಿಸಬಯಸಿದರೂ ಆ ಶ್ರದ್ಧೆಯನ್ನು ಗಟ್ಟಿಮಾಡುವವನು ತಾನೇ ಎಂಬ ಅರ್ಥದ ಮಾತು ಹೇಳಿದ್ದಾನೆ. ಪರಧರ್ಮದ ಭಯದ ಮಾತು ಇರುವುದು 3ನೇ ಅಧ್ಯಾಯದಲ್ಲಿ. ಅದು ತನ್ನ ಕರ್ತವ್ಯ ಬಿಟ್ಟು ಇನ್ನೊಬ್ಬರ ಕರ್ತವ್ಯಕ್ಕೆ ಕೈಹಾಕುವ ಕುರಿತದ್ದು, ಚರ್ಚಿನಲ್ಲಿ ಬತ್ತಿ ಹಚ್ಚುವುದರ ಕುರಿತದ್ದಲ್ಲ.

ಹಾಗೆಂದು ಎಲ್ಲವೂ ಒಂದೇ, ಏನು ಮಾಡಿದರೂ ನಡೆಯುತ್ತದೆ ಎಂದು ನಾನು ಹೇಳುವವನಲ್ಲ. ಸಕಲಮತ ಎಂದರೆ ಸಕಲವನ್ನೂ ಕಲಸಿ ಒಂದು ಪಾತ್ರೆಗೆ ಹಾಕುವುದಲ್ಲ. ನೀವು ಅಲ್ಲಿಗೆ ಹೋಗುವುದು ಅತಿಥಿಯಾಗಿ, ಆ ಮನೆಯ ರೀತಿಯಲ್ಲಿ ನಡೆದುಕೊಳ್ಳಬೇಕು. ಕರ್ಪೂರದಾರತಿ, ಕುಂಕುಮ, ಗೋತ್ರದ ಸಂಕಲ್ಪ ಅಲ್ಲಿ ಬೇಡ. ಕೈಮುಗಿಯಿರಿ, ಬತ್ತಿ ಹಚ್ಚಿ, ಸೀರೆ ಕೊಡಿ, ಮಗುವಿನ ಹೆಸರು ಹೇಳಿ ಮನಸ್ಸಿನಲ್ಲಿ ಕೃತಜ್ಞತೆ ತಿಳಿಸಿ. ಬೇಕಾದರೆ ಕಚೇರಿಯಲ್ಲಿ ಮಗುವಿನ ಹೆಸರಿನಲ್ಲಿ ಬಲಿಪೂಜೆಗೆ ಚೀಟಿ ಬರೆಸಬಹುದು. ಯಾರ ಹೆಸರಿನಲ್ಲಾದರೂ, ಬೇರೆ ಮತದವರ ಹೆಸರಿನಲ್ಲೂ, ಅರ್ಪಿಸಲು ಅವರ ನಿಯಮದಲ್ಲಿ ಅವಕಾಶವಿದೆ. ನಮ್ಮ ಅರ್ಚನೆಯ ಚೀಟಿಯಂತೆಯೇ.

ಒಂದು ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಬಲಿಪೂಜೆಯ ಕೊನೆಯ ಭಾಗದಲ್ಲಿ ಜನ ಸಾಲುಗಟ್ಟಿ ಹೋಗಿ ಗುರುಗಳ ಕೈಯಿಂದ ಬಿಳಿ, ತೆಳು, ದುಂಡಗಿನ ರೊಟ್ಟಿಯ ಬಿಲ್ಲೆ ಸ್ವೀಕರಿಸುತ್ತಾರೆ. ಪ್ರಸಾದವೆಂದು ನಮ್ಮವರು ಭಕ್ತಿಯಿಂದಲೇ ಸಾಲಿನಲ್ಲಿ ನಿಂತುಬಿಡುತ್ತಾರೆ. ನಿಲ್ಲಬೇಡಿ. ಅದನ್ನು ಅವರು ಪರಮಪ್ರಸಾದ ಎನ್ನುತ್ತಾರೆ, ಆದರೆ ಹೆಸರಿನಲ್ಲಿ ಮಾತ್ರ ನಮ್ಮ ಪ್ರಸಾದದಂತೆ. ಅದು ಸಾಕ್ಷಾತ್ ಏಸುವಿನ ಶರೀರವೆಂದೇ ಅವರ ನಂಬಿಕೆ. ದೀಕ್ಷಾಸ್ನಾನವಾಗಿ, ಬೋಧನೆ ಪಡೆದು, ಮನಸ್ಸನ್ನು ಸಿದ್ಧಮಾಡಿಕೊಂಡ ಕ್ಯಾಥೊಲಿಕರಿಗೇ ಅದು ಮೀಸಲು. ಅವರ ಮಕ್ಕಳೇ ಕಾಯಬೇಕು. ನಮ್ಮಲ್ಲಿ ಗರ್ಭಗುಡಿಯೊಳಗೆ ಯಾರು ಬೇಕಾದರೂ ಹೋಗುವುದಿಲ್ಲವಷ್ಟೆ. ಆ ಹೊತ್ತಿನಲ್ಲಿ ಕೂತಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಹಬ್ಬದಲ್ಲಿ ಹೊರಗೆ ಹಂಚುವ ಸಿಹಿ, ಅನ್ನ ಎಲ್ಲರಿಗೂ, ಅದನ್ನು ಸಂತೋಷದಿಂದ ತೆಗೆದುಕೊಳ್ಳಿ.

ಪಕ್ಕದ ಮನೆಯಿಂದ ಪ್ರತಿವರ್ಷ 8ನೇ ತಾರೀಖು ಬರುವ ಪಾಯಸ ತಿನ್ನಬಹುದೆ ಎಂದೂ ಕೇಳಿದ್ದೀರಿ. ಮಂಗಳೂರಿನ ಕ್ಯಾಥೊಲಿಕರಿಗೆ ಅದೇ ದಿನ ಮೊಂತಿ ಫೆಸ್ತ್. 9 ದಿನ ಮಕ್ಕಳು ಬಾಲಮರಿಯಳಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಗುರುಗಳು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಅದರ ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕೂತು ಮೊದಲು ಅದನ್ನು ತಿನ್ನುತ್ತಾರೆ. ಮೀನಿಲ್ಲದೆ ಊಟ ಇಳಿಯದ ಆ ಜನ ಅಂದು ಬಾಳೆಲೆಯಲ್ಲಿ ಶುದ್ಧ ಸಸ್ಯಾಹಾರ ಉಣ್ಣುತ್ತಾರೆ. ಕರಾವಳಿಯ ನಮ್ಮವರ ಹೊಸ್ತು ಊಟವೇ ಇದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭಜ್ಜಿ ರೊಟ್ಟಿ ಉಂಡವರಿಗೆ ಹೊಸ ಬೆಳೆಯ ಅನ್ನದ ಅರ್ಥ ಬೇರೆ ಹೇಳಬೇಕೆ? ತಿನ್ನಿ. ಎಳ್ಳಮಾವಾಸ್ಯೆಗೆ ನೀವೂ ಅವರಿಗೆ ಭಜ್ಜಿ ಕಳಿಸಿ.

ವೇಲಾಂಕಣಿಗೂ ಶಿವಾಜಿನಗರಕ್ಕೂ ನಮ್ಮಂಥವರು ಹೋಗುವುದನ್ನು ಅವರ ಹಿರಿಯರು ಹೇಗೆ ನೋಡುತ್ತಾರೆ ಎಂದು ಕೇಳುವವರಿದ್ದಾರೆ. 2024ರ ಆಗಸ್ಟಿನಲ್ಲಿ ರೋಮಿನ ವಿಶ್ವಾಸ ವಿಭಾಗದ ಮುಖ್ಯಸ್ಥರು ವೇಲಾಂಕಣಿಯ ಬಗ್ಗೆ ತಂಜಾವೂರಿನ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಅನ್ಯಮತದ ಯಾತ್ರಿಕರು ಅಲ್ಲಿ ಸಮಾಧಾನ ಪಡೆಯುವುದನ್ನು ಮತಗಳ ಕಲಬೆರಕೆ ಎಂದು ಕಾಣಬಾರದು ಎಂಬ ಅಭಿಪ್ರಾಯ ತಿಳಿಸಿದರು. ಅವರ ಬಾಗಿಲು ತೆರೆದೇ ಇದೆ.

ಪ್ರಾಯಶ್ಚಿತ್ತ ಹೋಮ ಬೇಡ. ಪ್ರಾಯಶ್ಚಿತ್ತಕ್ಕೆ ಪಾಪ ಬೇಕು. ಉಸಿರಿಗೆ ಒದ್ದಾಡುವ ಕೂಸಿಗಾಗಿ ಅಜ್ಜಿ ಕೈಮುಗಿದದ್ದು ಯಾವ ಪಾತಕದ ಪಟ್ಟಿಯಲ್ಲೂ ಬರುವುದಿಲ್ಲ. ಹೋಮದಿಂದಲೇ ನನ್ನ ಮನೆಯಲ್ಲೂ ಒಲೆ ಉರಿಯುವುದು, ಆದರೂ ಬೇಡವೆನ್ನುತ್ತಿದ್ದೇನೆ. ಚರ್ಚಿಗೆ ಹೋಗಿ ಬಂದ ಮೇಲೆ ಸ್ನಾನ ಮಾಡಬೇಕೆ ಎಂಬುದಕ್ಕೂ ಅದೇ ಉತ್ತರ. ಸ್ಮಶಾನದಿಂದ ಬಂದಂತೆ ತಲೆಗೆ ನೀರು ಸುರಿದುಕೊಂಡರೆ, ನಿಮ್ಮ ಮಗುವಿಗಾಗಿ ಜಪಸರ ಹಿಡಿದು ರಾತ್ರಿ ಕೂತ ಆ ನೆರೆಯವರಿಗೆ ಮಾಡಿದ ಅವಮಾನ ಅದು. ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿ, ದಿನಾಲೂ ಮಾಡುವಂತೆ. ಮಾತೆಯ ಪಟವನ್ನು ದೇವರಕೋಣೆಯಲ್ಲಿ ಇಡಬೇಕಿಲ್ಲ. ಯಾರಾದರೂ ಪ್ರೀತಿಯಿಂದ ಕೊಟ್ಟರೆ ಹಜಾರದಲ್ಲಿ ಗೌರವದ ಜಾಗದಲ್ಲಿಡಿ, ಸಾಕು.

ಜವಳಕ್ಕೆ ಬರುವ ಮಾಘ ಶುಕ್ಲಪಕ್ಷ ಒಳ್ಳೆಯದು, ಮಗುವಿಗೆ ಆಗ 3ನೇ ವರ್ಷ ನಡೆಯುತ್ತಿರುತ್ತದೆ. ನಿಖರ ಮುಹೂರ್ತವನ್ನು ಬೇರೆ ಅಂಚೆಯಲ್ಲಿ ಕಳಿಸುತ್ತೇನೆ. ಮಲ್ಲಣ್ಣನ ವಾರವೆಂದು ಭಾನುವಾರವೇ ಬೇಕೆಂದು ಭಾವನವರು ಹೇಳಿಯೇ ಹೇಳುತ್ತಾರೆ, ಅದಕ್ಕೆ ತಲೆಯಾಡಿಸಿ. ಪಕ್ಕದ ಮನೆಯವರನ್ನು ಖಾನಾಪುರಕ್ಕೆ ಕರೆಯದೆ ಇರಬೇಡಿ. ಭಾನುವಾರ ಅವರಿಗೆ ಬಲಿಪೂಜೆ ತಪ್ಪಿಸುವಂತಿಲ್ಲ, ಸಂಕೋಚದಿಂದ ಬರುವುದಿಲ್ಲ ಎಂದಾರು. ಶನಿವಾರ ಸಂಜೆಯ ಬಲಿಪೂಜೆ ಭಾನುವಾರದ ಲೆಕ್ಕಕ್ಕೆ ಸಲ್ಲುತ್ತದೆ. ಬೆಂಗಳೂರಿನಲ್ಲೇ ಅದನ್ನು ಮುಗಿಸಿಕೊಂಡು ರಾತ್ರಿ ಬಸ್ಸಿಗೆ ಹೊರಟರೆ ಬೆಳಿಗ್ಗೆ ಬಂಡಾರ ಹಾರುವ ಹೊತ್ತಿಗೆ ಬಂದು ಸೇರಬಹುದು.